ಹೊಟ್ಟೆಯಲ್ಲಿದ್ದ ಅನ್ನ

"ಹೊಟ್ಟೆಯಲ್ಲಿ ಅನ್ನ, ಮೊಟ್ಟೆಯ ಚೂರುಗಳು. ಇನ್ನೂ ಜೀರ್ಣವಾಗಿಲ್ಲ," ಎಂದು ಕನ್ನಡಕದ ವಕೀಲ ಮರಣೋತ್ತರ ಪರೀಕ್ಷೆಯ ವರದಿ ಓದಿದಾಗ, ಕೊನೆಯ ಬೆಂಚಿನಲ್ಲಿದ್ದ ತಾಯಿ ಪಕ್ಕದಲ್ಲಿದ್ದ ಮಗಳ ಮೊಣಕೈ ಹಿಡಿದಳು. ಅದು ಯಾರ ಹೊಟ್ಟೆಯೆಂದು ಆಕೆಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ವರದಿ ಆಕೆಯ ಕಿವಿಗೆ ಬಿದ್ದದ್ದು ಇದೇ ಮೊದಲು.

ಏಳು ವರ್ಷದ ಹಿಂದೆ ಕೆಳಗಿನ ಕೋರ್ಟಿನಲ್ಲಿ ಕಟಕಟೆ ಹತ್ತಿ, ಮಗನನ್ನು ಮನೆಬಾಗಿಲಲ್ಲಿ ಇರಿದವನು ಪಕ್ಕದ ಮನೆಯ ವೆಲ್ಡರ್ ಎಂದು ಆಕೆ ಬೆರಳು ಮಾಡಿ ತೋರಿಸಿದ್ದಳು. ಅವನಿಗೆ ಜೀವಾವಧಿ ಆಯಿತು. ಈಗ ಅವನ ಮೇಲ್ಮನವಿ. ಇಲ್ಲಿ ಸಾಕ್ಷಿಗಳನ್ನು ಮತ್ತೆ ಕರೆಯುವುದಿಲ್ಲ. ಅಂದು ಆಡಿದ ಮಾತನ್ನು ಕಾಗದದಲ್ಲೇ ಓದಿ ತೂಗುತ್ತಾರೆ. ಬಂದು ಕೂತುಕೊಳ್ಳಿ, ಆದರೆ ತುಟಿಪಿಟಕ್ಕೆನ್ನಬೇಡಿ ಎಂದು ಸರ್ಕಾರಿ ವಕೀಲ ಮೊದಲೇ ಹೇಳಿದ್ದ.

"ಹುಡುಗ ವರ್ಕ್‌ಶಾಪ್ ಬಿಟ್ಟಿದ್ದು ಆರೂವರೆಗೆ. ಮನೆಗೆ ಅರ್ಧ ಗಂಟೆ ನಡಿಗೆ. ಒಳಗೆ ಕಾಲಿಡೋ ಮೊದಲೇ ಇರಿದ್ರು ಅಂತ ತಾಯಿ ಹೇಳ್ತಾರೆ. ಹಾಗಾದ್ರೆ ಈ ಊಟ ಯಾವಾಗ ಮಾಡ್ದ? ಒಳಗೆ ಹೋಗಿ ಉಂಡು ಹೊರಗೆ ಬಂದಿದ್ರೆ ಏಳೂವರೆ ಹತ್ತಿರ ಆಗಿರತ್ತೆ. ಏಳೂ ಇಪ್ಪತ್ತಕ್ಕೇ ನನ್ನ ಕಕ್ಷಿದಾರ ಕಾರ್ಖಾನೆ ಗೇಟಲ್ಲಿ ಹಾಜರಿ ಕಾರ್ಡ್ ಒತ್ತಿದಾನೆ," ಎಂದ ವೆಲ್ಡರ್ ಕಡೆಯ ಆ ಕನ್ನಡಕದ ವಕೀಲ.

"ಜೀರ್ಣಶಕ್ತಿ ಎಲ್ರದೂ ಒಂದೇ ಥರ ಇರಲ್ಲ," ಎಂದರು ಹಿರಿಯ ನ್ಯಾಯಾಧೀಶರು. "ನನ್ನದಂತೂ ಕೇಳ್ಲೇಬೇಡಿ. ಕಣ್ಣಾರೆ ಕಂಡೋರ ಮಾತನ್ನ ಡಾಕ್ಟರ ಅಂದಾಜಿಗೋಸ್ಕರ ತಳ್ಳಿಹಾಕೋದಾ?" ವಕೀಲರೆಲ್ಲ ನಕ್ಕರು. ಸರ್ಕಾರದ ಉತ್ತರವನ್ನು ಮಧ್ಯಾಹ್ನದ ನಂತರ ಕೇಳುತ್ತೇವೆಂದು ನ್ಯಾಯಾಧೀಶರು ಎದ್ದರು.

ವಿರಾಮ ಮುಗಿಯುವ ಹೊತ್ತಿಗೆ ಹೊರಗಿನ ಕಾರಿಡಾರಿನಲ್ಲಿ ಸರ್ಕಾರಿ ವಕೀಲ ಖುಷಿಯಲ್ಲಿದ್ದ. "ಹೆದರ್ಬೇಡೀಮ್ಮ. ಅದು ಮಧ್ಯಾಹ್ನದ ಡಬ್ಬಿ ಊಟ, ಅವನಿಗೆ ಅರಗೋದು ನಿಧಾನ ಅಂತೀನಿ. ಅಷ್ಟು ಸಾಕು."

"ಹಾಗೇ ಹೇಳಿ ಸಾರ್," ಎಂದಳು ಮಗಳು.

ಮಗಳ ಮಾತು ತಾಯಿಯ ಕಿವಿಗೇ ಬೀಳಲಿಲ್ಲ. ಮಗ ಹಸಿದುಕೊಂಡೇ ಹೋದ ಎಂಬ ಸಂಕಟಕ್ಕೆ ಈ ಏಳು ವರ್ಷದಲ್ಲಿ ಒಂದು ರಾತ್ರಿಯೂ ಆಕೆಗೆ ತುತ್ತು ಸಲೀಸಾಗಿ ಇಳಿದಿರಲಿಲ್ಲ. ಅಂದು ಆಕೆ ಹಿಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತ ಕೂತಿದ್ದಳು. ಚೀರಿದ್ದು ಕೇಳಿ ಓಡಿಬಂದಾಗ ಮಗ ಹೊಸಿಲಿನಾಚೆ ಬಿದ್ದಿದ್ದ. ಈಗಷ್ಟೇ ಬಂದಿರಬೇಕು ಅಂದುಕೊಂಡಳು. ಬೀದಿಯ ತಿರುವಿನಲ್ಲಿ ಕಂಡದ್ದು ನೀಲಿ ಅಂಗಿಯ ಬೆನ್ನು. ಹಿಂದಿನ ದಿನವಷ್ಟೇ ಗೋಡೆಯ ವಿಷಯಕ್ಕೆ ವೆಲ್ಡರ್ ಜಗಳಕ್ಕೆ ನಿಂತಿದ್ದ. ಅವನೇ, ಎಂದಳು. ಪೊಲೀಸರಿಗೆ, ನೆಂಟರಿಗೆ, ಕೋರ್ಟಿಗೆ ಹೇಳಿ ಹೇಳಿ ಆ ಬೆನ್ನಿಗೆ ಅವನ ಮುಖ ಬಂದು ಕೂತಿತ್ತು. ಅವನೂ ಯಾರದೋ ಮಗ ಎಂದು ಆಕೆಗೆ ಈಗ ಹೊಳೆಯಿತು.

"ಡಬ್ಬೀಲಿ ಮೊಟ್ಟೆ ಇರ್ಲಿಲ್ಲ," ಎಂದಳು.

"ಏನಂದ್ರಿ?"

"ಅನ್ನ, ಬೇಳೆ ಹಾಕಿದ್ದೆ. ಮೊಟ್ಟೆ ಬೇಯಿಸಿದ್ದು ಸಂಜೆ. ಅವನೇ ಒಳಗೆ ಬಂದು ಬಡಿಸ್ಕೊಂಡು ಉಂಡಿದಾನೆ. ಮಿಷಿನ್ ಸದ್ದಿಗೆ ನಂಗೆ ಗೊತ್ತಾಗಿಲ್ಲ."

"ಅಮ್ಮಾ, ಸುಮ್ನಿರೇ!" ಮಗಳು ಆಕೆಯ ಭುಜ ಅಲುಗಿಸಿದಳು. "ಅವನು ಬಿಡುಗಡೆಯಾಗಿ ಬಂದ್ರೆ ನಮ್ಮ ಪಕ್ಕದಲ್ಲೇ ಇರ್ತಾನೆ. ತಮ್ಮನ್ನ ಕೊಂದೋರು ಯಾರೂ ಇಲ್ಲ ಅಂತಾಗತ್ತೆ."

"ಮುಖ ನೋಡ್ಲಿಲ್ಲ ಕಣೇ. ಬೆನ್ನು ನೋಡ್ದೆ."

ವಕೀಲ ಪೆನ್ನಿನ ಮುಚ್ಚಳ ಹಾಕಿದ. "ಇಷ್ಟು ಕೇಳಿದ್ಮೇಲೆ ನಾನು ಡಬ್ಬಿ ಮಾತು ಎತ್ತೋ ಹಾಗಿಲ್ಲ. ನೀವು ಹೇಳಿದ್ದನ್ನ ಒಳಗೆ ಹೇಳ್ಲೇಬೇಕು. ಕೇಸ್ ಬಿದ್ದುಹೋಗತ್ತಮ್ಮ. ಗೊತ್ತಿದ್ದೇ ಹೇಳ್ತಿದೀರಾ?"

"ಹೂಂ." ಆಕೆ ಫೈಲಿನ ಕಡೆ ನೋಡಿದಳು. "ಎಷ್ಟು ಉಂಡಿದ್ದ ಅಂತ ಬರ್ದಿದಾರಾ ಅದ್ರಲ್ಲಿ?"

ವಕೀಲ ಹಾಳೆ ಮಗುಚಿ ಬೆರಳಿಟ್ಟು ಹುಡುಕಿದ. "ಹೊಟ್ಟೆ ಪೂರ್ತಿ ತುಂಬಿತ್ತು ಅಂತಿದೆ."

"ಇನ್ನೊಂದ್ಸಲ ಓದಿ."

ಮಗಳು ಗೋಡೆಯ ಕಡೆ ತಿರುಗಿ ನಿಂತಿದ್ದಳು. ಒಳಗಿನಿಂದ ಜವಾನ ಕೇಸಿನ ನಂಬರ್ ಕೂಗಿದ. ವಕೀಲ ಆ ಸಾಲಿನ ಮೇಲಿಟ್ಟ ಬೆರಳು ತೆಗೆಯದೆ, ನಿಧಾನವಾಗಿ, ಮತ್ತೊಮ್ಮೆ ಓದಿದ.