ಬ್ರೇಕಿಲ್ಲದ ಸೀಟು

ಗೆಳೆಯರು ಅವನಿಗಿಟ್ಟ ಹೆಸರು ಅರ್ಧದಾರಿ. ಐವತ್ತರ ಹತ್ತಿರ ಬಂದರೂ ಆಸಾಮಿ ಯಾವುದನ್ನೂ ಕೊನೆ ಮುಟ್ಟಿಸಿದವನಲ್ಲ. ಪ್ರೆಸ್ಸಿನ ಕೆಲಸ ಬಿಟ್ಟ, ಗಡಿಯಾರದಂಗಡಿ ಬಿಟ್ಟ, ಕಟ್ಟಿಕೊಂಡವಳನ್ನೂ ನಡುನೀರಿನಲ್ಲಿ ಕೈಬಿಟ್ಟು ಕಾಲಿಗೆ ಬುದ್ಧಿ ಹೇಳಿದ. ಮೂಗಿನ ತುದಿಯಲ್ಲಿ ಕೋಪ, ಅದರ ಹಿಂದೆ ಬೆಟ್ಟದಷ್ಟು ಪುಕ್ಕಲುತನ. ಡ್ರೈವಿಂಗ್ ಶಾಲೆಯ ಕೆಲಸವೊಂದೇ ಹೇಗೋ ಉಳಿದಿತ್ತು. ಯಾಕೆಂದರೆ ಶಾಲೆಯ ಕಾರಿನಲ್ಲಿ ಕಲಿಸುವವನ ಕಾಲಬಳಿಯೂ ಒಂದು ಬ್ರೇಕಿರುತ್ತದೆ. ಸ್ಟೀರಿಂಗ್ ಯಾರದೇ ಕೈಯಲ್ಲಿರಲಿ, ನಿಲ್ಲಿಸುವ ಅಧಿಕಾರ ಇವನದು.

ಅಲ್ಲಿಗೇ ಕಲಿಯಲು ಬಂದವಳು ನರ್ಸಮ್ಮ. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಇವನು ರೇಗಿದರೆ ಅವಳು ಕ್ಯಾರೇ ಅನ್ನಲಿಲ್ಲ. "ನಿಮಗಿಂತ ಜೋರಾಗಿ ಕಿರುಚೋರಿಗೆ ದಿನಾ ಇಂಜೆಕ್ಷನ್ ಕೊಡ್ತೀನಿ ಮೇಷ್ಟ್ರೇ" ಎಂದಳು. ಅಂದೇ ಇವನ ಕಥೆ ಮುಗಿಯಿತು; ಪಾಠವಿಲ್ಲದ ದಿನವೂ ಅವಳ ಮನೆಗೆ ಹೋಗಿಬರತೊಡಗಿದ.

ಲೈಸೆನ್ಸ್ ಕೈಗೆ ಬಂದ ಮೇಲೆ ಅವಳು ನೇರವಾಗಿಯೇ ಹೇಳಿದಳು. "ಭಾನುವಾರ ನನ್ನ ಕಾರಲ್ಲಿ ಅಕ್ಕನ ಮನೆಗೆ ಹೋಗೋಣ. ನೀವು ನನಗೆ ಏನಾಗಬೇಕು ಅಂತ ಅಲ್ಲಿ ನೀವೇ ಹೇಳಬೇಕು. ಆಗಲ್ಲ ಅಂದ್ರೆ ಇನ್ನು ನಮ್ಮನೆ ಕಡೆ ತಲೆ ಹಾಕಬೇಡಿ."

ಭಾನುವಾರ ಅವಳ ಕಾರಿನಲ್ಲಿ ಕೂತ ಕೂಡಲೇ ಅವನ ಕಾಲು ಬ್ರೇಕಿಗಾಗಿ ತಡಕಾಡಿತು. ಇದು ಮನೆಯ ಕಾರು, ಇವನ ಕಾಲ ಕೆಳಗೆ ಬರೀ ಮ್ಯಾಟು. ತಿರುವಿನಲ್ಲಿ ಲಾರಿಯೊಂದು ಎದುರಾದಾಗ ಪಾಪದವನು ಆ ಮ್ಯಾಟನ್ನೇ ಬಲವಾಗಿ ತುಳಿದ. ಲಾರಿಯ ಭಯ ಒಂದು ಪಾಲಾದರೆ ಅಕ್ಕನ ಮನೆಯ ಭಯ ಮೂರು ಪಾಲು.

ಏರಿನಲ್ಲಿ ಕಾರು ಆಫಾಗಿ ಹಿಂದಕ್ಕೆ ಜಾರಿತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು.

"ನೀವು ಇಳೀರಿ, ನಾನು ಓಡಿಸ್ತೀನಿ" ಎಂದ.

"ಸುಮ್ನೆ ಕೂತ್ಕೊಳ್ಳಿ" ಎಂದಳು. ಅವಳ ಕತ್ತಿನ ಮೇಲೆ ಬೆವರಿಳಿಯುತ್ತಿತ್ತು. ಅವನು ಕಣ್ಣು ಮುಚ್ಚಿಕೊಂಡ. ಕಾರು ತಿಣುಕಿ ಮೇಲೇರಿತು.

ಬಾಗಿಲು ತೆರೆದ ಅಕ್ಕ ಇವನನ್ನು ಮೇಲಿಂದ ಕೆಳಗೆ ನೋಡಿದಳು. "ಇವರು ಯಾರೇ?"

ತಂಗಿ ಇವನ ಕಡೆ ನೋಡಿದಳು. "ನಾನು... ಡ್ರೈವಿಂಗ್ ಕಲಿಸೋನು" ಎಂದುಬಿಟ್ಟ.

ನರ್ಸಮ್ಮನ ಮುಖ ಬಾಡಿತು. ತಲೆ ತಗ್ಗಿಸಿ ಚಪ್ಪಲಿ ಬಿಡತೊಡಗಿದಳು. ಎದುರು ರಸ್ತೆಯಲ್ಲೇ ಬಸ್‌ಸ್ಟಾಪಿತ್ತು. ಇವನು ಹೋಗಿ ಅಲ್ಲಿ ನಿಂತರೆ ಯಾರೂ ವಾಪಸ್ ಕರೆಯುತ್ತಿರಲಿಲ್ಲ, ಇನ್ನು ಯಾವತ್ತೂ ಕರೆಯುತ್ತಿರಲಿಲ್ಲ. ಅದು ಹೊಳೆದಾಗ ಅವನಿಗೆ ಹಿಂದೆಂದೂ ಆಗದಷ್ಟು ಹೆದರಿಕೆಯಾಯಿತು.

"ಅಲ್ಲ" ಎಂದ. "ನಾನು ಇವರನ್ನ ಮದುವೆ ಆಗಬೇಕು ಅಂತಿರೋನು. ಮೊದಲನೇ ಹೆಂಡ್ತೀನ ಬಿಟ್ಟು ಓಡಿದವನು, ಅದನ್ನೂ ಹೇಳಿಬಿಡ್ತೀನಿ. ಈಗಲೂ ದಾರೀಲಿ ಎರಡು ಸಲ ಇಳಿದು ಹೋಗೋಣ ಅನ್ನಿಸ್ತು."

ಅಕ್ಕ ತಂಗಿಯ ಕಡೆ ತಿರುಗಿದಳು. "ಕೇಳಿಸಿತೇನೇ?"

"ಕೇಳಿಸ್ತು" ಎಂದಳು ನರ್ಸಮ್ಮ. "ನನಗೂ ಇವರನ್ನ ಇಳಿಸಿ ವಾಪಸ್ ಹೋಗಿಬಿಡೋಣ ಅನ್ನಿಸಿತ್ತು ಅಕ್ಕಾ. ಭಯ ಆಗಿತ್ತು."

ಅಕ್ಕ ಬಾಗಿಲಿಂದ ಪಕ್ಕಕ್ಕೆ ಸರಿದು, ಇಬ್ಬರಿಗೂ ನೀರು ತರಲು ಒಳಗೆ ಹೋದಳು.