ಟೊಮೆಟೊಗೆ ದಾರಿ ಬಿಟ್ಟ ಮನೆ

ಜನವರಿ ಕೊನೆಯ ವಾರದ ಒಂದು ಬೆಳಿಗ್ಗೆ ನನ್ನ ಹೆಂಡತಿ ಎರ್ಸಿಲಿಯ ರೊಟ್ಟಿ ಮುರಿಯುತ್ತಾ, "ಮನೆ ತಪ್ಪು ಜಾಗದಲ್ಲಿದೆ" ಎಂದಳು.

ನಾನು ಚಹಾ ಲೋಟ ಕೆಳಗಿಟ್ಟೆ. ನನ್ನಪ್ಪ ಕಟ್ಟಿದ ಮನೆ ಅದು. ಐವತ್ತೆಂಟು ವರ್ಷದಿಂದ ಅಲ್ಲೇ ನಿಂತಿತ್ತು, ಯಾರೂ ತಕರಾರು ಎತ್ತಿರಲಿಲ್ಲ.

"ಯಾವುದಕ್ಕೆ ತಪ್ಪು?"

"ಟೊಮೆಟೊಗೆ."

ನಮ್ಮ ದ್ವೀಪದಲ್ಲಿ ಆಲೂಗಡ್ಡೆಗೆ ಯಾರೂ ಬೇಡಿಕೊಳ್ಳಬೇಕಿಲ್ಲ. ಬೆಳ್ಳುಳ್ಳಿ ಮುಷ್ಟಿ ಗಾತ್ರ ಬರುತ್ತದೆ. ಕೋಸು ಎಷ್ಟು ದಪ್ಪಗೆ ಕೂರುತ್ತದೆಂದರೆ ಕುರಿಮರಿ ಅದರ ಹಿಂದೆ ನಿಂತರೆ ಕಾಣಿಸುವುದಿಲ್ಲ. ವರ್ಷವೆಲ್ಲ ಸುರಿಯುವ ಮಳೆ ಅವಕ್ಕೆಲ್ಲ ಒಗ್ಗಿಹೋಗಿದೆ. ಟೊಮೆಟೊಗೆ ಮಾತ್ರ ಒಗ್ಗಿಲ್ಲ. ಅದಕ್ಕೆ ಬಿಸಿಲು ಬೇಕು. ಭೂಮಿಯ ದಕ್ಷಿಣ ತುದಿಯ ನಮ್ಮಲ್ಲಿ ಬೇಸಿಗೆಯೆಂದರೆ ಜನವರಿ, ಫೆಬ್ರವರಿ; ಆಗಲೂ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಕಡಲ ಮಂಜು ಸರಿಯುವುದಿಲ್ಲ. ಆಮೇಲೆ ಆಕಾಶ ತೆರೆದುಕೊಂಡರೆ ರಾತ್ರಿ ಒಂಬತ್ತರ ತನಕ ಬಿಸಿಲು. ನಮ್ಮ ಪಾಲಿನ ಬಿಸಿಲೆಲ್ಲ ಆ ಸಂಜೆಯದೇ. ಸೂರ್ಯ ಇಲ್ಲಿ ಉತ್ತರಕ್ಕೆ ವಾಲಿಕೊಂಡು ನಡೆಯುವವನು, ಸಂಜೆ ವಾಯವ್ಯ ಮೂಲೆಗೆ ಬರುತ್ತಾನೆ. ಅದೇ ಮೂಲೆಯಲ್ಲಿ ನಮ್ಮ ಎರಡಂತಸ್ತಿನ ಮರದ ಮನೆ ನಿಂತಿತ್ತು. ಐದು ಗಂಟೆಯಾಗುತ್ತಲೂ ಅದರ ನೆರಳು ತೋಟಕ್ಕಿಳಿದು, ಎರ್ಸಿಲಿಯಳ ಪ್ಲಾಸ್ಟಿಕ್ ಗುಡಿಸಲಿನ ಮೇಲೆ ದನದ ಹಾಗೆ ಮಲಗಿಬಿಡುತ್ತಿತ್ತು.

ಆ ಗುಡಿಸಲಿನಲ್ಲಿ ಪ್ರತಿ ವರ್ಷ ಹದಿನಾಲ್ಕು ಟೊಮೆಟೊ ಗಿಡ. ನಾಲ್ಕು ವರ್ಷದಿಂದ ಕಾಯಿ ಬಿಡುತ್ತಿದ್ದವು, ದಪ್ಪಗೂ ಆಗುತ್ತಿದ್ದವು, ಒಂದೂ ಕೆಂಪಾಗಿರಲಿಲ್ಲ. ಮಾರ್ಚಿನಲ್ಲಿ ಮಳೆ ಹಿಡಿದು, ತೊಟ್ಟು ಕೊಳೆತು, ನಾವು ಚಳಿಗಾಲ ಪೂರ್ತಿ ಹಸಿರು ಟೊಮೆಟೊ ಜಾಮ್ ತಿನ್ನುತ್ತಿದ್ದೆವು. ಸಾಲದ್ದಕ್ಕೆ ನನ್ನಕ್ಕ ಫ್ರೆಸಿಯ ಪ್ರತಿ ಫೆಬ್ರವರಿಯಲ್ಲೂ ಕಡಲ ಕಾಲುವೆ ದಾಟಿ ಬರುವಾಗ ಪೇಟೆಯಿಂದ ಒಂದು ಪೆಟ್ಟಿಗೆ ಕೆಂಪು ಟೊಮೆಟೊ ಹೊತ್ತು ತರುತ್ತಿದ್ದಳು. "ಪಾಪ, ನಿಮ್ಮಲ್ಲಿ ಆಗಲ್ವಲ್ಲ" ಎನ್ನುತ್ತಿದ್ದಳು. ಆ "ಪಾಪ" ಎರ್ಸಿಲಿಯಳ ಎದೆಯಲ್ಲಿ ಮೀನಿನ ಮುಳ್ಳಿನಂತೆ ಚುಚ್ಚಿಕೊಂಡಿತ್ತು.

"ಗುಡಿಸಲನ್ನೇ ಆಚೆ ಹಾಕೋಣ. ನಾಲ್ಕು ಕಂಬ, ಒಂದು ಪ್ಲಾಸ್ಟಿಕ್ಕು" ಎಂದೆ ನಾನು.

"ಮಣ್ಣು? ಒಂಬತ್ತು ವರ್ಷ ಕಡಲಪಾಚಿ ಹೊತ್ತು ಹಾಕಿ ಮಾಡಿದ ಮಣ್ಣು ಕಣೋ ಮುದುಕಾ. ಗಿಡ ಬೇರು ಬಿಟ್ಟು ಕೂತಿದೆ. ಮಣ್ಣನ್ನ ಎಳೆಯೋಕಾಗುತ್ತಾ? ಮನೆಯನ್ನಾದ್ರೆ ಎಳೀಬಹುದು."

ಬೇರೆ ಊರಿನವರಿಗೆ ಇದು ಹುಚ್ಚು ಮಾತು. ನಮ್ಮಲ್ಲಿ ಅಲ್ಲ. ಇಲ್ಲಿ ಮನೆ ಜಾಗ ಬದಲಿಸುವುದೆಂದರೆ ಮಿಂಗ ಕರೆಯುವುದು. ಊರೆಲ್ಲ ಎತ್ತು ಹೊಡೆದುಕೊಂಡು ಬಂದು, ಬುಡಕ್ಕೆ ಮರದ ದಿಮ್ಮಿ ಕೊಟ್ಟು, ಮನೆಯನ್ನು ಇಡಿಯಾಗಿ ಎಳೆದುಕೊಟ್ಟು, ಉಂಡು ಹೋಗುತ್ತಾರೆ. ಹಾಗಾಗಿ ನಾನು ಚಹಾ ಮುಗಿಸಿ ಮಿಂಗ ಕರೆಯಲು ಎದ್ದೆ.

ಮಿಂಗದ ಮುಂದಾಳು ಎರ್ಸಿಲಿಯಳ ಅಣ್ಣ ನಾರ್ಸಿಸೊ. ಇಪ್ಪತ್ತೆರಡು ಮನೆ ಎಳೆಸಿದ್ದ, ಒಂದೂ ಮುರಿದಿರಲಿಲ್ಲ. ಸುದ್ದಿ ಕೇಳಿ ಅವನ ಮುಖ ಅರಳಿತು.

"ಭಾವ, ಮದುವೆಗೆ ಮನೆ ಎಳ್ದಿದೀನಿ, ಜಗಳಕ್ಕೆ ಎಳ್ದಿದೀನಿ. ತರಕಾರಿಗೆ ಇದೇ ಮೊದಲು" ಎಂದ.

ತೆಂಕಣ ಗಾಳಿ ಮೂರು ದಿನ ಬೀಸಿ ನೆಲ ಒಣಗಿದ ಮೇಲೆ, ಒಂದು ಶನಿವಾರ, ಹದಿಮೂರು ಜೋಡಿ ಎತ್ತು, ಅರವತ್ತು ಮಂದಿ ಸೇರಿದರು. ಕಿಟಕಿಗಳನ್ನು ಕಳಚಿಟ್ಟರು, ಒಳಗೆ ಅಡ್ಡಪಟ್ಟಿ ಹೊಡೆದರು. ಎರ್ಸಿಲಿಯ ಮಾತ್ರ ಅಡುಗೆಮನೆ ಬಿಟ್ಟು ಬರಲಿಲ್ಲ.

"ಇಳಿಯೇ, ಒಲೆ ಆರಿಸು!" ನಾರ್ಸಿಸೊ ಕೂಗಿದ.

"ಅರವತ್ತು ಹೊಟ್ಟೆಗೆ ಆಲೂಗಡ್ಡೆ ರೊಟ್ಟಿ ನೀನು ಸುಡ್ತೀಯೇನಣ್ಣ? ಮೆಲ್ಲಗೆ ಎಳೆಸು, ಎಣ್ಣೆ ಚೆಲ್ಲಬಾರದು!"

ಹಾಗೆ ಮನೆ ಹೊರಟಿತು. ಮೊದಲು ನರಳಿತು, ಆಮೇಲೆ ಒಂದು ಗೇಣು ಜಾರಿತು, ಆಮೇಲೆ ನಡೆಯಿತು. ಹೊಗೆಗೂಡಿನಿಂದ ಹೊಗೆ ಹೊರಟಿತ್ತು. ಕಿಟಕಿಯಿಲ್ಲದ ಕಿಟಕಿಯಲ್ಲಿ ಎರ್ಸಿಲಿಯ ಸೌಟು ಹಿಡಿದು ನಿಂತಿದ್ದಳು, ಹಡಗಿನ ಯಜಮಾನಿಯ ಹಾಗೆ. ಎತ್ತುಗಳ ಮುಂದೆ ಬಾರುಕೋಲು ಬೀಸುತ್ತಾ ನಾರ್ಸಿಸೊ ಹಿಮ್ಮುಖವಾಗಿ ನಡೆಯುತ್ತಿದ್ದ. ಹೆಂಗಸರು ಹಗ್ಗ ಹಿಡಿದು ನಗುತ್ತಿದ್ದರು. ನಕ್ಕರೆ ಕೈ ಸಡಿಲವಾಗುತ್ತದೆಂದು ಯಾರೋ ಬೈದರೆ ಇನ್ನೂ ನಕ್ಕರು. ಕೋಳಿಗಳು ತಮ್ಮ ಗೂಡು ಹುಡುಕುತ್ತಾ ಮನೆಯ ಹಿಂದೆ ಸಾಲಾಗಿ ಓಡಿದವು.

ಸರಿಯಾಗಿ ಆಗಲೇ, ಪ್ರತಿ ವರ್ಷಕ್ಕಿಂತ ಒಂದು ವಾರ ಮುಂಚೆಯೇ, ಅಕ್ಕ ಫ್ರೆಸಿಯ ದಡದ ಏರು ಹತ್ತಿ ಬಂದಳು. ಕಂಕುಳಲ್ಲಿ ಟೊಮೆಟೊ ಪೆಟ್ಟಿಗೆ. ತಾನು ಹುಟ್ಟಿದ ಮನೆ ಹೊಗೆ ಬಿಡುತ್ತಾ ತನ್ನತ್ತಲೇ ಬರುತ್ತಿರುವುದನ್ನು ಕಂಡು ಅಲ್ಲೇ ನಿಂತಳು.

"ಅಬೆಲಿನೊ! ಅಪ್ಪನ ಮನೆ ಎಲ್ಲಿಗೋ ಹೊರಟಿದೆ?"

"ಬಿಸಿಲು ಬಿಡೋಕೆ ಅಕ್ಕ, ಪಕ್ಕಕ್ಕೆ ಸರಿ!"

"ಅತ್ತಿಗೇ, ಹತ್ತಿಕೊಳ್ಳಿ! ರೊಟ್ಟಿ ಬಿಸಿ ಇದೆ!" ಎರ್ಸಿಲಿಯ ಕಿಟಕಿಯಿಂದ ಸೌಟು ಬೀಸಿದಳು.

ಅಕ್ಕ ನಾಲ್ಕು ಬೈಗುಳ ಬೈದು, ಪೆಟ್ಟಿಗೆ ಒಳಗೆ ತಳ್ಳಿ, ಪಾವಡೆ ಎತ್ತಿಕೊಂಡು, ನಡೆಯುವ ಮನೆಗೆ ಹತ್ತಿಯೇ ಬಿಟ್ಟಳು. ಎಂಬತ್ತು ಹೆಜ್ಜೆ ಆಚೆ, ಸೇಬಿನ ಮರಗಳ ಪಕ್ಕ, ಮನೆ ನಿಂತಾಗ ಇಬ್ಬರ ಕೆನ್ನೆಗೂ ಎಣ್ಣೆ ಮೆತ್ತಿತ್ತು.

ಊಟ ಮುಗಿದು, ಸೇಬಿನ ಹೆಂಡದ ಎರಡನೆಯ ಪೀಪಾಯಿ ತೆಗೆಯುವಾಗ ಐದು ಗಂಟೆ ಆಯಿತು. ಎರ್ಸಿಲಿಯ ಎದ್ದು ಗುಡಿಸಲಿನ ಕಡೆ ನಡೆದಳು. ಅವಳ ಹಿಂದೆ ನಾನು, ನನ್ನ ಹಿಂದೆ ಎಲ್ಲರೂ. ಐದೂಕಾಲು, ಐದೂವರೆ, ಆರು. ಬಿಸಿಲು ಹೋಗಲಿಲ್ಲ. ಹಸಿರು ಕಾಯಿಗಳ ಮೇಲೆ ಸುಮ್ಮನೆ ಕೂತಿತ್ತು. ಅರವತ್ತು ಮಂದಿ ಲೋಟ ಹಿಡಿದು, ದೊಡ್ಡ ಹಬ್ಬದ ಪೂಜೆಗೆ ನಿಂತವರಂತೆ ಟೊಮೆಟೊ ನೋಡಿದೆವು. ಆಮೇಲೆ ಯಾರೋ ಟೋಪಿ ಎಸೆದರು. ಎಲ್ಲರೂ ಕುಣಿಯತೊಡಗಿದರು.

ಅಷ್ಟರಲ್ಲಿ ಪ್ಲಾಸ್ಟಿಕ್ಕಿನ ಒಂದು ಅಂಚು ಪಟಪಟ ಎಂದಿತು.

ನಾರ್ಸಿಸೊ ಬೆರಳು ಒದ್ದೆ ಮಾಡಿ ಮೇಲೆತ್ತಿದ. ತೆಂಕಣ ಗಾಳಿ ನಿಂತು ಉತ್ತರದ ಗಾಳಿ ತಿರುಗಿತ್ತು. ನಮ್ಮಲ್ಲಿ ಉತ್ತರದ ಗಾಳಿ ಎಂದರೆ ಬಿರುಮಳೆ. ಅದೂ ಬರುವುದು ಅದೇ ವಾಯವ್ಯದಿಂದ. ಐವತ್ತೆಂಟು ವರ್ಷ ಆ ಗಾಳಿಗೆ ಅಡ್ಡ ನಿಂತದ್ದು ನಮ್ಮ ಮನೆ. ಹುಟ್ಟಿದಾಗಿನಿಂದ ಗಾಳಿಯನ್ನೇ ಕುಡಿದು ಬೆಳೆದ ಅರವತ್ತು ಮಂದಿಯಲ್ಲಿ ಒಬ್ಬರಿಗಾದರೂ ಹೊಳೆಯಬೇಡವೇ! ಒಬ್ಬರ ಮುಖ ಒಬ್ಬರು ನೋಡಿದೆವು. ಮೊದಲು ಅಕ್ಕ ನಕ್ಕಳು. ಆಮೇಲೆ ತಡೆಯಲಾಗದೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತರು.

ಎರ್ಸಿಲಿಯ ನಗಲಿಲ್ಲ. "ನಾಳೆ ಬಿರುಗಾಳಿ ಅಂದ್ರೆ ನಿಮ್ಮ ದೋಣಿಗಳನ್ನೆಲ್ಲ ದಡಕ್ಕೆ ಎಳೀಬೇಕು ಅಲ್ವಾ ಅಣ್ಣ?"

"ಎಳೀಬೇಕು."

"ಎತ್ತಿನ ನೊಗ ಇನ್ನೂ ಬಿಚ್ಚಿಲ್ಲ ಅಲ್ವಾ?"

"ಎರ್ಸಿಲಿಯ, ಬೇಡ."

"ದಡದಿಂದ ಇನ್ನೊಂದಿಷ್ಟು ಮೇಲೆ, ಅಷ್ಟೇ. ಇಲ್ಲೀವರೆಗೆ."

"ನಮ್ಮ ದೋಣಿ ನಿನ್ನ ಟೊಮೆಟೊಗೆ ಬೇಲಿನಾ?"

"ಮನೆಯಷ್ಟು ಎತ್ತರ ಇಲ್ವಲ್ಲ! ಬಿಸಿಲು ಮೇಲಿಂದ ಬರುತ್ತೆ, ಗಾಳಿ ಕೆಳಗೆ ನಿಲ್ಲುತ್ತೆ."

ಕತ್ತಲಾಗುವ ಮುಂಚೆ ಏಳು ದೋಣಿಗಳು ದಡದ ಏರು ಹತ್ತಿ ಬಂದು ಗುಡಿಸಲಿನ ಮುಂದೆ ಪಕ್ಕಕ್ಕೆ ಮಲಗಿದವು, ತಳ ಗಾಳಿಯ ಕಡೆಗೆ. ಗೂಟ ಹೊಡೆದು ಕಟ್ಟಿದೆವು. ಎರಡು ದಿನ ಗಾಳಿ ಬಡಿಯಿತು. ಕೊಟ್ಟಿಗೆಯ ಎರಡು ತಗಡು ಹಾರಿ ಎಲ್ಲೋ ಹೋದವು. ಗುಡಿಸಲಿನ ಪ್ಲಾಸ್ಟಿಕ್ ಹರಿಯಲಿಲ್ಲ.

ಮೂರನೆಯ ದಿನ ಆಕಾಶ ತೊಳೆದಿಟ್ಟಂತಾಯಿತು. ದೋಣಿಯವರು ಬಂದರು.

"ಮೀನು ಬಂದಿದೆಯಂತೆ. ದೋಣಿ ಇಳಿಸ್ತೀವಿ."

"ಧಾರಾಳವಾಗಿ. ಉತ್ತರದ ಗಾಳಿ ಮತ್ತೆ ಯಾವತ್ತು ಬರುತ್ತೆ ಅಂತ ಹೇಳಿ, ಇಳಿಸಿ" ಎಂದಳು ಎರ್ಸಿಲಿಯ.

ನಮ್ಮ ದ್ವೀಪದಲ್ಲಿ ನಾಳೆಯ ಗಾಳಿಗೆ ಯಾರೂ ಜಾಮೀನು ನಿಲ್ಲುವುದಿಲ್ಲ. ಗೊಣಗುತ್ತಾ ಹೋದರು. ಒಂದು ಕಾಯಿ ಕೆಂಪಾಗಲಿ, ಆಮೇಲೆ ಮಾತಾಡೋಣ ಎಂದು ಒಪ್ಪಂದವಾಯಿತು. ಅಂದಿನಿಂದ ಏಳು ಮಂದಿ ಮೀನುಗಾರರು ದಿನಾ ಸಂಜೆ ಗುಡಿಸಲಿಗೆ ಬಂದು ಗಿಡಗಳ ಮುಂದೆ ಕುಕ್ಕರುಗಾಲಲ್ಲಿ ಕೂರುವುದು. "ಇದು ಸ್ವಲ್ಪ ಹಳದಿ ಆದ ಹಾಗಿಲ್ವಾ?" "ಹಳದಿ ಅಲ್ಲ ಮಾರಾಯ, ನಿನ್ನ ಕಣ್ಣಿಗೆ ಕಾಮಾಲೆ." ಒಬ್ಬ ಉಸಿರು ಬಿಟ್ಟು ಕಾಯಿ ಬೆಚ್ಚಗೆ ಮಾಡಲು ನೋಡಿದ. ಅಕ್ಕ ಊರಿಗೆ ಹೋಗುವ ಮಾತೇ ಎತ್ತಲಿಲ್ಲ. ಅವಳೂ ಒಂದು ಮಣೆ ಹಾಕಿಕೊಂಡು ಕೂತಳು.

ಆರನೆಯ ದಿನ ನಾರ್ಸಿಸೊ ಗುಡಿಸಲಿನಿಂದ ಕೂಗಿದ: "ಹಣ್ಣಾಯ್ತು! ಹಣ್ಣಾಯ್ತು! ಓಡಿ ಬನ್ನಿ!"

ಓಡಿದೆವು. ಮೂಲೆಯ ಗಿಡದಲ್ಲಿ ಕೆಂಪಗೆ, ಗುಂಡಗೆ, ಹೊಳೆಯುತ್ತಿತ್ತು. ದೋಣಿಯವರು ಆಗಲೇ ಹಗ್ಗ ಬಿಚ್ಚುತ್ತಿದ್ದರು. ಎರ್ಸಿಲಿಯ ಹಣ್ಣನ್ನು ಅಂಗೈಯಲ್ಲಿ ಎತ್ತಿ, ಹಿಂದಕ್ಕೆ ತಿರುಗಿಸಿ, ಸಣ್ಣ ಕರಿ ದಾರವೊಂದನ್ನು ಎರಡು ಬೆರಳಲ್ಲಿ ಎಳೆದಳು.

"ಅಣ್ಣಾ, ನಮ್ಮ ಗಿಡ ಯಾವಾಗಿಂದ ಬಲೆ ಹೆಣೆಯೋಕೆ ಕಲೀತು?"

"ನನ್ನ ಪೆಟ್ಟಿಗೆಯದು! ಕಳ್ಳ!" ಅಕ್ಕ ಹಣ್ಣು ಕಿತ್ತುಕೊಂಡು ಅವನ ಬೆನ್ನಿಗೇ ಎಸೆದಳು. ಅರವತ್ತು ವರ್ಷ ದಾಟಿದ ಮಿಂಗದ ಮುಂದಾಳು ಬೆನ್ನ ತುಂಬ ಬೀಜ ಹೊತ್ತು, ಕೋಸಿನ ಸಾಲು ಹಾರಿ ಓಡಿದ.

ಹತ್ತನೆಯ ದಿನ ಯಾರೂ ಕೂಗಲಿಲ್ಲ. ಸಂಜೆ ಏಳರ ಬಿಸಿಲಿನಲ್ಲಿ ಎರ್ಸಿಲಿಯ ಎರಡನೆಯ ಸಾಲಿನ ಮುಂದೆ ಅಲ್ಲಾಡದೆ ನಿಂತಿದ್ದಳು. ಎಲೆಯ ಹಿಂದೆ ಒಂದು ಹಣ್ಣು. ಪೂರ್ತಿ ಕೆಂಪಲ್ಲ, ತೊಟ್ಟಿನ ಸುತ್ತ ಇನ್ನೂ ಹಸಿರಿತ್ತು. ಅವಳು ತೊಟ್ಟು ಸವರಿ ನೋಡಿದಳು. ದಾರವಿರಲಿಲ್ಲ. ನಾವೆಲ್ಲ ಸುತ್ತ ನೆರೆದೆವು. ಅಕ್ಕ ಪಾವಡೆಗೆ ಕೈ ಒರೆಸಿಕೊಂಡು ಮುಂದೆ ಚಾಚಿದಳು. ನಾರ್ಸಿಸೊ ಜೇಬಿನಿಂದ ಚಾಕು ತೆಗೆದು, ಎಷ್ಟು ಹೋಳಾಗಬಹುದೆಂದು ತಲೆ ಎಣಿಸತೊಡಗಿದ.

ಎರ್ಸಿಲಿಯ ಹಣ್ಣು ಕಿತ್ತು ಹಾಗೇ ಕಚ್ಚಿದಳು. ರಸ ಗಲ್ಲದಿಂದ ಮೊಣಕೈವರೆಗೆ ಇಳಿಯಿತು. ಯಾರ ಕಡೆಯೂ ನೋಡದೆ, ಅವಸರವಿಲ್ಲದೆ, ಇಡೀ ಹಣ್ಣು ತಿಂದು ಮುಗಿಸಿದಳು. ತೊಟ್ಟನ್ನೂ ಚೀಪಿದಳು.

"ಹೇಗಿದೆಯೇ?" ಅಕ್ಕನಿಗೆ ತಡೆಯಲಾಗಲಿಲ್ಲ.

"ಹುಳಿ!" ಎಂದು ಎರ್ಸಿಲಿಯ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮೊಣಕೈ ಒರೆಸಿಕೊಂಡು ದೋಣಿಯವರ ಕಡೆ ತಿರುಗಿದಳು. "ಇನ್ನೂ ನೂರಾ ಹನ್ನೊಂದು ಕಾಯಿ ಇವೆ. ದೋಣಿ ವಿಷಯ ಅವೂ ಹಣ್ಣಾದ ಮೇಲೆ ನೋಡೋಣ."