ಅತ್ತೆಗೆ ಜಾಗವಿಲ್ಲ

“ಸೊಸೆ ಒಳಗೆ ಬಾ. ಮಗೂನೂ ಕರ್ಕೋ. ಏಯ್ ಮುದುಕಿ, ನೀನು ಅಲ್ಲೇ ನಿಲ್ಲು! ಮಗನ ಕೈಲಿ ಹೊಡ್ಸೋದೂ ಹೊಡ್ಸಿ, ಈಗ ಇಲ್ಲೀವರೆಗೂ ಬೆನ್ನು ಹತ್ತಿದೀಯಲ್ಲ, ನಾಚ್ಕೆ ಆಗಲ್ವಾ?”

ವಾರ್ಡನ್ ಬಾಗಿಲಿಗೆ ಅಡ್ಡವಾಗಿ ಕೈಚಾಚಿ ನಿಂತಿದ್ದಳು. ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರನ್ನೂ ಮಕ್ಕಳನ್ನೂ ಇಟ್ಟುಕೊಳ್ಳುವ ಮನೆ ಅದು. ಬಂದವರೆಲ್ಲರ ಬಾಯಲ್ಲೂ ಅತ್ತೆಯರ ಕಥೆ ಕೇಳಿ ಕೇಳಿ ಅವಳ ಕಿವಿ ತೂತು ಬಿದ್ದಿತ್ತು. ಅಂಥದ್ದರಲ್ಲಿ ಇವಳೊಬ್ಬಳು ಸಾಕ್ಷಾತ್ ಅತ್ತೆಯನ್ನೇ ಜೊತೆಗೆ ಕಟ್ಟಿಕೊಂಡು ಬಂದಿದ್ದಳು.

“ನಾನು ಕರ್ಕೊಂಡ್ ಬಂದಿಲ್ಲ ಮೇಡಂ,” ಎಂದಳು ಸೊಸೆ. ಊದಿಕೊಂಡ ಎಡಗಣ್ಣು ತೆರೆಯುತ್ತಲೇ ಇರಲಿಲ್ಲ. “ಅವ್ರೇ ಬಂದ್ರು.”

ಅದು ನಿಜವೇ. ಅತ್ತೆ ಸೊಸೆ ಇಬ್ಬರೂ ಒಂದು ಲಾಂಡ್ರಿಯಲ್ಲಿ ಲಾಡ್ಜುಗಳ ಬೆಡ್‌ಶೀಟು ಒಗೆಯುವವರು. ಶೀಟಿನ ಆ ತುದಿ ಅತ್ತೆಯ ಕೈಯಲ್ಲಿದ್ದರೆ ಈ ತುದಿ ಸೊಸೆಯ ಕೈಯಲ್ಲಿ. ಹಿಂಡುವಷ್ಟು ಹೊತ್ತೂ ಜಗಳ. ಆವತ್ತು ಬೆಳಿಗ್ಗೆ ಸೊಸೆ ಸೋಪಿನ ಪುಡಿ ತರುತ್ತೇನೆಂದು ಎದ್ದವಳು ಮಗಳನ್ನು ಕಂಕುಳಿಗೆ ಏರಿಸಿಕೊಂಡು, ಹಿಂದಿನ ಗೇಟಿನಿಂದ ನುಸುಳಿ ಬಸ್ಸು ಹತ್ತಿದ್ದಳು. ಬಸ್ಸು ಊರು ದಾಟಿರಲಿಲ್ಲ, ಹಿಂದಿನ ಸೀಟಿನಿಂದ ದನಿ ಬಂತು:

“ಮಗೂನ ಕಿಟಕಿ ಪಕ್ಕ ಕೂರ್ಸೇ. ವಾಂತಿ ಮಾಡುತ್ತೆ ಅಂತ ಗೊತ್ತಿಲ್ವಾ?”

ಸೊಸೆ ಮಗುವನ್ನು ಅವಚಿಕೊಂಡಳು. ತಿರುಗಿ ನೋಡಿದರೆ ಒದ್ದೆ ಸೀರೆಯಲ್ಲೇ ಕೂತ ಅತ್ತೆ, ಮಡಿಲಲ್ಲೊಂದು ಗಂಟು.

“ಅತ್ತೇ! ನೀವ್ಯಾಕೆ ಬಂದ್ರಿ?”

“ನೀನು ಹೋದ್ಮೇಲೆ ಆ ಮನೇಲಿ ಉಳಿಯೋಳು ಯಾರೇ? ನಾನೊಬ್ಳೇ. ಅವ್ನ ಕೈ ಸುಮ್ನಿರುತ್ತಾ?”

ತಾನು ತವರಿಗೆ ಹೋದಾಗಲೆಲ್ಲ ಈ ಮುದುಕಿ ಬಚ್ಚಲಲ್ಲಿ ಜಾರಿ ಬೀಳುತ್ತಿದ್ದದ್ದು ಯಾಕೆಂದು ಸೊಸೆಗೆ ಈಗ ಅರ್ಥವಾಯಿತು.

ವಾರ್ಡನ್‌ಗೆ ಮಾತ್ರ ಇದೊಂದೂ ಬೇಕಿರಲಿಲ್ಲ. “ವಯಸ್ಸಾದೋರಿಗೆ ವೃದ್ಧಾಶ್ರಮ ಇದೆ. ಅದು ಬೇರೆ ಇಲಾಖೆ,” ಎಂದಳು.

“ಏಟಿಗೆ ಇಲಾಖೆ ಗೊತ್ತಾಗಲ್ಲ ನನ್ನವ್ವ. ಸಿಕ್ಕಿದೋರ ಮೇಲೆ ಬೀಳುತ್ತೆ,” ಎಂದು ಅತ್ತೆ ರವಿಕೆಯ ಹಿಂಬದಿ ಜಗ್ಗಿ ಬೆನ್ನು ತೋರಿಸಿದಳು. ವಾರ್ಡನ್ ಮುಖ ಆ ಕಡೆ ತಿರುಗಿಸಿ, “ನಾಳೆ ಸಾಹೇಬ್ರು ಬರೋವರೆಗೆ ಮಾತ್ರ” ಎಂದು ದಾರಿ ಬಿಟ್ಟಳು.

ಒಳಗೆ ಕಬ್ಬಿಣದ ಮಂಚಗಳ ಉದ್ದನೆಯ ಕೋಣೆ. ಅತ್ತೆ ಕಾಲಿಟ್ಟದ್ದೇ ತಡ, ಮಲಗಿದ್ದ ಹೆಂಗಸರೆಲ್ಲ ಅಭ್ಯಾಸಬಲದಿಂದ ಧಡಕ್ಕನೆ ಎದ್ದು ನಿಂತರು.

“ಕೂತ್ಕೊಳ್ರೇ, ನಾನೇನು ನಿಮ್ಮತ್ತೇನಾ?” ಎಂದಳು ಅತ್ತೆ. ಎಂದವಳೇ ಪಕ್ಕದ ಮಂಚದ ದಿಂಬಿನ ಚೀಲ ಮೂಸಿ ನೋಡಿದಳು. “ಥೂ! ಇದನ್ನ ಒಗೆದಿದೀರೋ, ಇಲ್ಲ ನೀರಿಗೆ ತೋರ್ಸಿ ತಂದಿದೀರೋ?”

ಸಂಜೆಯ ಹೊತ್ತಿಗೆ ದಿಂಬಿನ ಚೀಲಗಳೆಲ್ಲ ಹಗ್ಗದ ಮೇಲೆ ಹಾರಾಡುತ್ತಿದ್ದವು. ಹೆಂಗಸರು ಸುತ್ತ ಕೂತು, ತಮ್ಮ ಅತ್ತೆಯಂದಿರನ್ನು ಕೇಳಲಾಗದ ಪ್ರಶ್ನೆಗಳನ್ನೆಲ್ಲ ಇವಳನ್ನೇ ಕೇಳುತ್ತಿದ್ದರು. “ನಮ್ಮತ್ತೆ ಸಕ್ಕರೆ ಡಬ್ಬಿ ಬಚ್ಚಿಡ್ತಿದ್ರು, ಯಾಕೆ?” ಎಂದಳು ಒಬ್ಬಳು ಬಸುರಿ. “ಇನ್ನೇನು ಅವ್ಳ ಕೈಲಿತ್ತೇ, ಆ ಡಬ್ಬಿ ಬಿಟ್ಟು?” ಎಂದಳು ಅತ್ತೆ.

ಮರುದಿನ ಬೆಳಿಗ್ಗೆ ಇಲಾಖೆಯ ಸಾಹೇಬರು ಬಂದರು. ಒಬ್ಬರೇ ಅಲ್ಲ, ಜೊತೆಗೆ ಅವರ ಪರಿಚಯದ ಲಾಂಡ್ರಿ ಮಾಲೀಕ, ಅವನ ಹಿಂದೆ ತಲೆ ತಗ್ಗಿಸಿದ ಸೊಸೆಯ ಗಂಡ. ಪಡಸಾಲೆಯಲ್ಲಿ ಕುರ್ಚಿ ಹಾಕಿಸಿಕೊಂಡು ಪಂಚಾಯಿತಿ ಶುರುವಾಯಿತು.

“ಬಟ್ಟೆ ಗುಡ್ಡ ಬಿದ್ದಿದೆ ಸಾರ್,” ಎಂದ ಮಾಲೀಕ. “ಈ ಲೌಡಿಮುಂಡೇರು ಹೇಳದೆ ಕೇಳದೆ ಓಡ್ಬಂದಿದಾರೆ. ಸಂಸಾರ ಅಂದ್ಮೇಲೆ ಒಂದ್ಮಾತು ಬರುತ್ತೆ, ಹೋಗುತ್ತೆ.”

“ದುಡಿದು ದಣಿದು ಬರೋ ಗಂಡ್ಸು. ಒಂದೊಂದ್ಸಲ ಕೈ ಮೇಲೆ ಹೋಗುತ್ತೆ,” ಎಂದರು ಸಾಹೇಬರು. “ಹೊಂದ್ಕೊಂಡ್ ಹೋಗ್ಬೇಕು.”

“ಇವ್ನು ದುಡಿದು ದಣಿದಿದ್ದನ್ನ ಒಂದ್ಸಲ ತೋರ್ಸಿ ಸಾಹೇಬ್ರೇ,” ಎಂದಳು ಅತ್ತೆ. “ಕಣ್ತುಂಬ ನೋಡ್ಕೊಂಡು ಸಾಯ್ತೀನಿ.”

ಸಾಹೇಬರಿಗೆ ಸಿಟ್ಟು ಬಂತು. “ಈ ಹುಡ್ಗಿ ಬೇಕಾದ್ರೆ ನಾಲ್ಕು ದಿನ ಇರ್ಲಿ. ಬಾಯಿಬಡುಕಿ ಮುದುಕೀನ ಮಗನ ಜೊತೆ ಕಳ್ಸಿ. ಇಲ್ಲಿ ಅತ್ತೆಯರಿಗೆ ಜಾಗ ಇಲ್ಲ.”

ಅದನ್ನೇ ಕಾಯುತ್ತಿದ್ದವನಂತೆ ಮಗ ದೊಪ್ಪನೆ ತಾಯಿಯ ಕಾಲಿಗೆ ಬಿದ್ದ. “ಅಮ್ಮಾ, ನಿನ್ನೆಯಿಂದ ಗಂಟ್ಲಲ್ಲಿ ಅನ್ನ ಇಳಿದಿಲ್ಲ ಅಮ್ಮಾ,” ಎಂದು ಗೊಳೋ ಎಂದು ಅತ್ತ. ಅತ್ತೆಯ ಕೈ ತಾನಾಗಿ ಅವನ ತಲೆಯತ್ತ ಹೋಯಿತು. ಮುಗೀತು, ಮುದುಕಿ ಕರಗಿದಳು ಅಂದುಕೊಂಡಳು ಸೊಸೆ.

ಬಾಗಿಲ ಸಂದಿಯಲ್ಲಿ ನಿಂತಿದ್ದ ಮೊಮ್ಮಗಳು ಕೂಗಿದಳು: “ಅಜ್ಜೀ, ಈ ಕಡೆ ಬಾ! ಅತ್ತಾದ್ಮೇಲೆ ಬೆಲ್ಟ್ ಬಿಚ್ತಾನೆ!”

ಕೈ ಗಾಳಿಯಲ್ಲೇ ನಿಂತಿತು. ಅತ್ತೆ ಬೈಯಲು ಬಾಯಿ ತೆರೆದಳು.

“ಏ ಮುಂಡೇಮ...” ಎಂದವಳು ಅರ್ಧಕ್ಕೇ ನಿಂತಳು. ಮುಂಡೆ ಯಾರು? ತಾನೇ. “ಬೋಳೀಮ...” ಅದೂ ತಾನೇ. “ಸೂಳೇ...” ನಾಲಿಗೆ ಕಚ್ಚಿಕೊಂಡಳು. ಹೆತ್ತ ಮಗನನ್ನು ಬೈಯೋಣವೆಂದರೆ ಒಂದೊಂದು ಬೈಗುಳವೂ ತಿರುಗಿ ಅವಳ ಮುಖಕ್ಕೇ ರಾಚುತ್ತಿತ್ತು. ಒಳಗೆ ಯಾರೋ ಕಿಸಕ್ಕೆಂದರು. ಅತ್ತೆ ಒಂದು ಗಳಿಗೆ ಹುಡುಕಾಡಿ, ಕೊನೆಗೆ ಕ್ಯಾಕರಿಸಿ ಉಗಿದಳು.

“ನೀನು ನಿಮ್ಮಪ್ಪನ ಮಗ ಕಣೋ!”

ಅತ್ತೆ ಅವನ ಕೈಯಿಂದ ಕಾಲು ಬಿಡಿಸಿಕೊಂಡಳು.

“ನಿಮ್ಮಪ್ಪ ಸತ್ತಾಗ ಎಲ್ರೂ ಅತ್ರು. ನಾನು ಹೊಟ್ಟೆ ತುಂಬ ಉಂಡು ಮಲಗ್ದೆ. ಮದ್ವೆ ಆದ್ಮೇಲೆ ಆವತ್ತೇ ಕಣೋ ನಿದ್ದೆ ಅನ್ನೋದು ಬಂದಿದ್ದು. ನೀನು ಮೀಸೆ ಬಂದ್ಮೇಲೆ ಅದನ್ನೂ ಕಿತ್ಕೊಂಡೆ.”

ಮಗನ ಅಳು ನಲ್ಲಿ ತಿರುವಿದಂತೆ ನಿಂತುಹೋಯಿತು. ಎದ್ದವನೇ ತಾಯಿಯ ಮುಂಗೈ ಹಿಡಿದು, “ನಡಿಯೇ ಮನೆಗೆ” ಎಂದು ದರದರ ಎಳೆದ. ಸಾಹೇಬರು ಕನ್ನಡಕ ಒರೆಸಿಕೊಳ್ಳತೊಡಗಿದರು.

ಮದುವೆಯಾದಂದಿನಿಂದ ಗಂಡನೆದುರು ತಲೆ ಎತ್ತದ ಸೊಸೆ ಈಗಲೂ ಎತ್ತಲಿಲ್ಲ. ತಗ್ಗಿಸಿದ ತಲೆಯಲ್ಲೇ ಬಾಗಿ ಅವನ ಕೈಯನ್ನು ಕಚ್ಚಿದಳು. ಅವನು ಅರಚಿಕೊಂಡು ಬಿಡುವವರೆಗೂ ಬಿಡಲಿಲ್ಲ. ಆಮೇಲೆ ಅತ್ತೆಯನ್ನು ಒಳಕ್ಕೆ ನೂಕಿ, ತಾನೂ ನುಗ್ಗಿ, ಬಾಗಿಲು ದೂಡಿ ಚಿಲಕ ಎಳೆದಳು. ತಿರುಗಿ ನೋಡಿದರೆ ವಾರ್ಡನ್ ಕೂಡ ಒಳಗೇ ಇದ್ದಳು.

“ವಾರ್ಡನ್! ಬಾಗ್ಲು ತೆಗೀರಿ!” ಸಾಹೇಬರು ಬಾಗಿಲು ಗುದ್ದಿದರು. “ಸಸ್ಪೆಂಡ್ ಮಾಡಿಸ್ಬಿಡ್ತೀನಿ!”

ವಾರ್ಡನ್ ಬಾಗಿಲು ನೋಡಿದಳು, ಮುದುಕಿಯ ಕೆಂಪಾದ ಮುಂಗೈ ನೋಡಿದಳು.

“ವಾರ್ಡನ್ ಹೊರಗೆ ಹೋಗಿದಾರೆ ಸಾರ್!” ಎಂದು ತನ್ನ ದನಿಯಲ್ಲೇ ಕೂಗಿದಳು.

ಅತ್ತೆ ಏದುಸಿರು ಬಿಡುತ್ತಲೇ ಚಿಲಕ ಪರೀಕ್ಷಿಸಿದಳು. “ಇದು ಹಾಕೋ ರೀತಿಯೇನೇ? ಅರ್ಧಕ್ಕೇ ಬಿಟ್ಟಿದೀಯ. ಒಂದ್ ಕೆಲ್ಸನೂ ನೆಟ್ಟಗೆ ಬರಲ್ಲ ನಿಂಗೆ,” ಎಂದು ಅದನ್ನು ಕೊನೆಯವರೆಗೂ ಜರುಗಿಸಿದಳು. ಸೊಸೆ ಬಾಯಿ ಒರೆಸಿಕೊಂಡು, “ಹಾಗಾದ್ರೆ ಆ ಮಂಚದ ತುದಿ ನೀವೇ ಹಿಡೀರಿ” ಎಂದಳು. ಹೆಂಗಸರೆಲ್ಲ ಸೇರಿ ಮಂಚವನ್ನು ಕರಕರ ಎಳೆದು ಬಾಗಿಲಿಗೆ ಆನಿಸಿದರು. ಬಸುರಿ ಅದರ ಮೇಲೆ ಏರಿ ಕೂತಳು.

ಬಾಗಿಲು ಅದುರುತ್ತಲೇ ಇತ್ತು.

“ಇನ್ನೊಂದು ಮಂಚ ತನ್ನಿ,” ಎಂದಳು ವಾರ್ಡನ್.